ಕೊಸರು

ಏಳು ವರ್ಷ ಬಿಟ್ಟಿ ಕೊಟ್ಟೆ.
ಭವಂತಿ ರಸ್ತೆಯ ಹಳೇ ಕಟ್ಟಡ,
ಕೆಳಗೆ ವಾಚು ರಿಪೇರಿಯ ಮೊಯ್ದಿನಬ್ಬ,
ಮೇಲೆ ನಾನು, ನನ್ನ ‘ದಿನಚೀಟಿ’ –
ಕಂಪ್ಯೂಟರಿನ ಮೂಲೆಯಲ್ಲಿ ಕೂತು
ಇವತ್ತು ಎಂತ ಉಂಟು ಎಂದು ನೆನಪಿಸುವ
ಹಳದಿ ಬಣ್ಣದ ಒಂದು ತಂತ್ರಾಂಶ.
ಯಾರಾದರೂ ಹೊಗಳಿದರೆ
ಕರೆಂಟು ಬಿಲ್ಲು ಕಟ್ಟಿದಷ್ಟು ಖುಷಿ.
ಬಿಲ್ಲು ಮಾತ್ರ ಬೇರೆಯೇ ಬರುತ್ತಿತ್ತು.

ಈ ಸಲ ಮೂರು ಕೊಸರು ಸೇರಿಸಿದೆ:
ಹೊತ್ತು ಅಳೆಯುವ ಗಂಟೆ,
ವಾರವಾರವೂ ತಾನೇ ಎದ್ದು ಬರುವ ಕೆಲಸ,
ಕಾಗದಕ್ಕೆ ಅಚ್ಚಿಳಿಸುವ ಗುಂಡಿ.
ಒಂದೊಂದಕ್ಕೆ ನೂರ ನಲವತ್ತೊಂಬತ್ತು.
ಬರೆದು, ಅಳಿಸಿ, ತೊಂಬತ್ತೊಂಬತ್ತು ಮಾಡಿ,
ನಾಚಿ, ಮತ್ತೆ ನೂರ ನಲವತ್ತೊಂಬತ್ತು.

ಕೊಸರಿಗೆ ಬೆಲೆ ಕಟ್ಟಿದವರುಂಟೇ?
ಮಾರ್ಕೆಟ್ಟಿನ ಬೇಬಿಯಕ್ಕ
ಇಪ್ಪತ್ತು ಬೂತಾಯಿ ಎಣಿಸಿ ಮೇಲೆ ಮೂರು ಎಸೆಯುತ್ತಾಳೆ,
ಎಸೆಯುವಾಗ ನನ್ನ ಮುಖ ನೋಡುವುದಿಲ್ಲ.
ಆ ಮೂರು ಲೆಕ್ಕಕ್ಕೆ ಸೇರಿದರೆ
ಅದು ಇಪ್ಪತ್ತಮೂರು ಬೂತಾಯಿ, ಅಷ್ಟೆ.

ಮೊಯ್ದಿನಬ್ಬ ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಕೇಳಿದರು:
“ಹಳೆಯದನ್ನು ಕಿತ್ತುಕೊಂಡೆಯಾ?”
ಇಲ್ಲ ಎಂದೆ.
“ಮತ್ತೆ ಎಂತ ಅಳುವುದು? ಸೆಲ್ಲಿಗೆ ನಲವತ್ತು,
ಹಾಕಿ ಕೊಟ್ಟರೆ ಇಪ್ಪತ್ತು ಬೇರೆ.
ಟೈಮೆಷ್ಟು ಅಂತ ಕೇಳಿದವರಿಗೆ ಬಿಟ್ಟಿ ಹೇಳ್ತೇನೆ.”

ಗುರುವಾರ ರಾತ್ರಿ ಬಿಡುಗಡೆ.
ಮೊದಲ ಓಲೆ: ‘ನೀವೂ ಶುರು ಮಾಡಿದಿರಾ?’
ಎರಡನೆಯದರಲ್ಲಿ ನನ್ನ ಕಾಗುಣಿತ ತಿದ್ದಿದ್ದರು.
ಬ್ರಹ್ಮಾವರದ ಹೋಮಿಯೋಪತಿ ಡಾಕ್ಟರು ಗಂಟೆ ಕೊಂಡು,
ಇದರಲ್ಲಿ ಜಿಎಸ್‌ಟಿ ಕಟ್ಟಲಿಕ್ಕೆ ಆಗುವುದಿಲ್ಲವಾ ಎಂದು
ಹಣ ವಾಪಸು ಕೇಳಿದರು.
ಕೊಟ್ಟೆ.

ಶನಿವಾರ ಫೋನು. ಬಂದರಿನ ಐಸ್ ಪ್ಲಾಂಟಿನ ರೈಟರು
ಎಲಿಯಾಸ್ ಕ್ರಾಸ್ತಾ:
“ದುಡ್ಡು ಹೋಗಿದೆ, ಕೀಲಿ ಮೊಬೈಲಿಗೆ ಬಂದಿದೆ.
ಹಾಕಿದರೆ, ನಿಮ್ಮ ಕಾಲ ಇನ್ನೂ ಶುರುವಾಗಿಲ್ಲ
ಅಂತ ಹೇಳ್ತದಲ್ಲ ಮಾರಾಯ್ರೆ!”
ಹಾಗೆಂದು ಬರೆದವನು ನಾನೇ.
ಆಗ ಅದು ಜಾಣತನ ಅನ್ನಿಸಿತ್ತು.

ಅವರ ಕಂಪ್ಯೂಟರಿನ ಒಳಸೆಲ್ಲು ಸತ್ತು
ಬೆಳಿಗ್ಗೆ ಗುಂಡಿ ಒತ್ತಿದಾಗಲೆಲ್ಲ
ಎರಡು ಸಾವಿರದ ಒಂಬತ್ತರ ಜನವರಿ ಒಂದು.
ದಿನವೂ ಅದೇ ಹೊಸವರ್ಷದಲ್ಲಿ ಕೂತು
ಬೋಟುಗಳಿಗೆ ಹೋದ ಐಸು ಬರೆದಿದ್ದರು,
ತಾರೀಕು ಬೇಕಾದಾಗ ಗೋಡೆಯ ಕ್ಯಾಲೆಂಡರು ನೋಡಿ.

ಮೊಯ್ದಿನಬ್ಬರ ಡಬ್ಬಿಯಿಂದ ಒಂದು ಸೆಲ್ಲು. ನಲವತ್ತು.
“ಹಾಕುವುದು ನೀನೇ ಅಲ್ವಾ?” ಎಂದರು,
ಇಪ್ಪತ್ತನ್ನು ನನ್ನ ಕಡೆಗೇ ಸರಿಸಿದರು.
ಪೆಟ್ಟಿಗೆ ಬಿಚ್ಚಿದೆ. ಉಪ್ಪುಗಾಳಿಯ ತುಕ್ಕು,
ಒಂದು ಹಲ್ಲಿಮೊಟ್ಟೆ.
ಸೆಲ್ಲು ಕೂತಿತು. ಇವತ್ತು ಬಂತು.
ಕೀಲಿ ತಿರುಗಿತು, ಗಂಟೆ ತೆರೆಯಿತು.
ಕ್ರಾಸ್ತಾರು ಅದನ್ನು ಒಂದು ಸಲ ಓಡಿಸಿ, ನಿಲ್ಲಿಸಿ,
“ಚಂದ ಉಂಟು” ಎಂದರು.
ಮತ್ತೆ ಮುಟ್ಟಲಿಲ್ಲ.

ನೂರ ನಲವತ್ತೊಂಬತ್ತರಲ್ಲಿ ಸೆಲ್ಲು ಕಳೆದು,
ಪೆಟ್ರೋಲು ಕಳೆದು, ಅರ್ಧ ದಿನ ಕಳೆದು –
ಲೆಕ್ಕ ಬೇಡ.
ಹೊರಡುವಾಗ ಪ್ಲಾಂಟಿನ ಹುಡುಗನೊಬ್ಬ
ಗೋಣಿಯಲ್ಲಿ ಸುತ್ತಿದ ಒಂದು ತುಂಡು ಐಸು ತಂದು
ಸ್ಕೂಟರಿನಲ್ಲಿ ನನ್ನ ಕಾಲಬುಡಕ್ಕೆ ಇಟ್ಟ.
ಕೇಳಿರಲಿಲ್ಲ. ಎಂತ ಮಾಡುವುದು ಇದನ್ನು?
ಇಡುವಾಗ ಅವನೂ ನನ್ನ ಮುಖ ನೋಡಲಿಲ್ಲ.

ಬಂದರು ಬಿಟ್ಟು ಏರು ಹತ್ತುವಷ್ಟರಲ್ಲಿ
ಎರಡೂ ಚಪ್ಪಲಿ ಒದ್ದೆ, ಹಿಂದೆ ದಾರಿಯುದ್ದ ನೀರಿನ ಗೆರೆ.
ಕೆಂಪು ದೀಪಕ್ಕೆ ನಿಂತಾಗ ಹೊಳೆಯಿತು ನಾಲ್ಕನೆಯದು:
ತಾರೀಕು ತಪ್ಪಿದ ಯಂತ್ರವನ್ನು ಗುರುತಿಸಿ
ಸುಮ್ಮನೆ ಒಳಗೆ ಬಿಡುವುದು.
ಅದಕ್ಕೆ ಬೆಲೆ ಹಾಕುವುದಿಲ್ಲ,
ಹಾಕಿದ್ದೇನೆಂದು ಹೇಳುವುದೂ ಇಲ್ಲ.
ಹಿಂದಿನವನು ಹಾರನ್ ಒತ್ತಿದ.
ಐಸು ಇನ್ನೂ ಅರ್ಧ ಉಳಿದಿತ್ತು.