ಬೂತ್ ನಂಬರ್ ನೂರಾ ಏಳು

ಅರಸೀಕೆರೆ ಐಬಿಗೆ ವೀಕ್ಷಕರು ಬಂದಿದ್ದಾರೆ.
ಟಿಕೆಟ್ ಕೇಳುವವರು ಐವರು,
ಹೊರಗೆ ಐದು ರಾಶಿ ಚಪ್ಪಲಿ.
"ಪರಮಶಿವಪ್ಪ, ನಿಮ್ಮ ಬೂತಿನ ಲೆಕ್ಕ ಹೇಳಿ."

ನೋಟುಬುಕ್ಕು ಬಿಚ್ಚಿದೆ. ಏಳು ಚುನಾವಣೆಯ ಬೆವರು.
ಮೇಲಿನ ಕೇರಿ ಹೀಗೆ, ಸಂತೆ ಬೀದಿ ಹಾಗೆ,
ರೈಲ್ವೆ ಕ್ವಾರ್ಟರ್ಸು ಯಾವತ್ತೂ ಸೋಲುವವನಿಗೆ.
ತೆಂಗಿನಕಾಯಿ ತಟ್ಟಿದಂತೆ
ಮನೆಮನೆ ತಟ್ಟಿ ಹೇಳಬಲ್ಲೆ.

"ಮತ್ತೆ ಈ ಹದಿಮೂರು?"
ಅವರ ಪೆನ್ನು ಅಲ್ಲೇ ನಿಂತಿತು.

ಪ್ರತಿ ಸಲ ಹದಿಮೂರು.
ಹೆಂಡತಿ ನನ್ನೊಡನೆ ಮಾತು ಬಿಟ್ಟ ವರ್ಷ ಹದಿನಾಲ್ಕು.
ಯಾವ ಕೇರಿಗೂ ಸೇರದವು,
ಯಾವ ಅಲೆಗೂ ಅಲ್ಲಾಡದವು.

ಗೊತ್ತಿಲ್ಲ ಸಾರ್, ಅಂದೆ.
ಹನ್ನೆರಡು ನಿಜಕ್ಕೂ ಗೊತ್ತಿಲ್ಲ.

ಟೀ ಆರಿತ್ತು. ಕುಡಿದೆ.
ಪಕ್ಕದ ಬೂತಿನವನನ್ನು ಕರೆದರು.
ಹೊರಗೆ ಬಂದರೆ, ನನ್ನ ಚಪ್ಪಲಿ
ಯಾವ ರಾಶಿಯಲ್ಲಿ ಬಿಟ್ಟಿದ್ದೆನೋ
ನೆನಪಾಗಲಿಲ್ಲ.