ಎರಡನೇ ಗೇರು

ಮೋಟೆಂಗ್ ಘಾಟಿಯ ಬುಡದಲ್ಲಿ ಜೀಪು ನಿಲ್ಲಿಸಿ
ನ್ತಾತೆ ಲೆಬೂಸಾ ಕೀಲಿ ನನ್ನ ಕೈಗಿಟ್ಟರು.
ಹಿಂದಿನ ಸೀಟಿನಲ್ಲಿ ಲಸಿಕೆಯ ನೀಲಿ ಪೆಟ್ಟಿಗೆ,
ಅದರೊಳಗೆ ಮಂಜುಗಡ್ಡೆ,
ಮಂಜುಗಡ್ಡೆಗೆ ಸಂಜೆಯ ಗಡುವು.

ಏರು ಕಂಡರೆ ನನ್ನ ಕಾಲಿಗೆ ಗೊತ್ತಿದ್ದುದು ಒಂದೇ:
ಒತ್ತು, ಇನ್ನೂ ಒತ್ತು.
ನಾಲ್ಕನೇ ಗೇರಿನಲ್ಲಿ ಎಂಜಿನ್ನು ಕೆಮ್ಮಿತು,
ತುಂಬಿದ ಕೊಡ ಹೊತ್ತವಳನ್ನು
ಓಡು ಅಂದ ಹಾಗೆ ಮೈಯೆಲ್ಲ ನಡುಗಿತು.

ಅವರಿಗೆ ಆ ಕೆಮ್ಮು ಕೇಳಿಸದು.
ಗಡಿಯಾಚೆಯ ಚಿನ್ನದ ಗಣಿಯಲ್ಲಿ ಇಪ್ಪತ್ತೆರಡು ವರ್ಷ
ಬಂಡೆ ಕೊರೆದು ಕೊರೆದು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವರು.
ಗೇರಿನ ಗುಂಡಿಯ ಮೇಲೆ ಅಂಗೈ ಇಟ್ಟು ಕೂತಿದ್ದರು,
ಜ್ವರದ ಮಗುವಿನ ಹಣೆ ನೋಡುವವರ ಹಾಗೆ.
ನನ್ನ ಕೈ ಬಂದರೆ ಸರಿಸುವರು, ಹೋದರೆ ಮತ್ತೆ ಇಡುವರು.

"ಉಸಿರು ಕಟ್ಟುವ ಮುಂಚೆ ಇಳಿಸು," ಅಂದರು,
"ಕಟ್ಟಿದ ಮೇಲೆ ಇಳಿಸಿದರೆ ಅದು ತಪ್ಪೊಪ್ಪಿಗೆ.
ಗುಡ್ಡ ಅದನ್ನೆಲ್ಲ ಕೇಳಿಸಿಕೊಳ್ಳುವುದಿಲ್ಲ,
ನನ್ನ ಹಾಗೆ."
ತಮ್ಮ ಮಾತಿಗೆ ತಾವೇ ನಕ್ಕರು.

ಮೂರು. ತಿರುವಿಗೆ ಮೊದಲೇ ಎರಡು.
ಕೆಮ್ಮು ನಿಂತಿತು. ಜೀಪು
ಮೊಣಕಾಲ ಮೇಲೆ ಕೈಯೂರಿ ಏರುವ ಮುದುಕಿಯಾಯಿತು,
ಅವಸರವಿಲ್ಲ, ಅನುಮಾನವೂ ಇಲ್ಲ.

ನೆತ್ತಿಯಲ್ಲಿ ಗಾಳಿ ಬಾಗಿಲು ಕಿತ್ತುಕೊಳ್ಳಲು ನೋಡಿತು.
"ಇನ್ನೇನು, ಬರೀ ಇಳಿಜಾರು," ಕೂಗಿ ಹೇಳಿದೆ,
"ನ್ಯೂಟ್ರಲ್ಲಿಗೆ ಹಾಕಲೇ? ಡೀಸೆಲ್ಲು ಉಳಿದೀತು."
ತುಟಿ ಓದಿಕೊಂಡು, ಉತ್ತರಿಸದೆ, ಕೆಳಗೆ ಬೆರಳು ತೋರಿದರು.
ಕಣಿವೆಯಲ್ಲಿ ಒಂದು ಬಿಳಿ ಟ್ಯಾಕ್ಸಿ,
ಸತ್ತ ಆಡಿನ ಹಾಗೆ ನಾಲ್ಕೂ ಕಾಲು ಮೇಲೆ.
"ಅವನೂ ಉಳಿಸಿದ.
ಟ್ಯಾಂಕು ಅರ್ಧ ತುಂಬಿತ್ತು."

ಆಮೇಲೆ, ಮೆಲ್ಲಗೆ:
"ಹತ್ತಿದ ಗೇರಿನಲ್ಲೇ ಇಳಿಯಬೇಕು, ಮಗಳೇ.
ಬ್ರೇಕು ಅಂದರೆ ಉಪ್ಪು. ಚಿಟಿಕೆ ಸಾಕು."

ಇಳಿದೆವು. ಎಂಜಿನ್ನೇ ಹಗ್ಗ ಹಿಡಿದು
ನಮ್ಮನ್ನು ಬಾವಿಗೆ ಇಳಿಬಿಟ್ಟ ಹಾಗೆ, ಗುರುಗುಟ್ಟುತ್ತ, ತಡೆಯುತ್ತ.
ಮೂರನೇ ತಿರುವಿನ ಮಂಜಿನಲ್ಲಿ
ಇದ್ದಕ್ಕಿದ್ದಂತೆ ಕುರಿಗಳು, ರಸ್ತೆ ತುಂಬ,
ನಡುವೆ ಬೂದು ಕಂಬಳಿ ಹೊದ್ದ ಹುಡುಗ, ರಬ್ಬರು ಬೂಟು.
ಒಂದು ಚಿಟಿಕೆ ಉಪ್ಪು. ಮೊದಲನೇ ಗೇರು.
ಮಂದೆಯ ಹಿಂದೆ ನಾವೂ ನಡೆದೆವು, ಕೊನೆಯ ಕುರಿಯಾಗಿ.
ಹುಡುಗ ತಿರುಗಿ ನೋಡಿ
ಬಾನೆಟ್ಟಿಗೂ ಒಮ್ಮೆ ಕೋಲು ತಟ್ಟಿದ, ಹಾಯ್, ನಡಿ.

ನಗಬೇಕೆಂದು ಎಡಕ್ಕೆ ತಿರುಗಿದೆ.
ಅಂಗೈ ಗುಂಡಿಯಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು,
ಬಾಯಿ ಅರೆ ತೆರೆದಿತ್ತು.
ಪ್ರಪಾತದ ಅಂಚಿನಲ್ಲಿ, ನನ್ನ ಪಕ್ಕದಲ್ಲಿ,
ನ್ತಾತೆ ಲೆಬೂಸಾ ಗೊರಕೆ ಹೊಡೆಯುತ್ತಿದ್ದರು.