ಹೂ ಡಾಕ್ಟರರ ಹಲಗೆ

ಮಿರಜಿನಲ್ಲಿ ಹಲ್ಲು ಕೀಳುತ್ತಿದ್ದ ಚೀನಾದವರ ಹೆಸರು ಹೂ.
ಹೂ ಅಂದರೆ ಹೂವಲ್ಲ ಎಂದು ಹೇಳಿ ಹೇಳಿ ಸಾಕಾಗಿ
ಕೊನೆಗೆ ಅಂಗಡಿಯ ಬೋರ್ಡಿನ ಮೇಲೆ
ಒಂದು ದಾಸವಾಳ ಬರೆಸಿಬಿಟ್ಟರಂತೆ.

ಅವರ ಮೊಮ್ಮಗಳು ಸುಯಿನ್
ಗೋಣಿತಟ್ಟಿನಲ್ಲಿ ಸುತ್ತಿ ತಂದಳು ಇದನ್ನು
ನಮ್ಮ ತಂಬೂರಿ ಅಂಗಡಿಗೆ, ಆಷಾಢದ ಮಂಗಳವಾರ,
ಗಿರಾಕಿ ಇಲ್ಲದ ಹೊತ್ತು.

ಮೂರು ಮೊಳಕ್ಕೆ ನಾಲ್ಕು ಬೆರಳು ಕಡಿಮೆ.
ಬುರುಡೆಯಿಲ್ಲ, ಮೆಟ್ಟಿಲಿಲ್ಲ,
ಪಂಢರಪುರದ ಕುಂಬಳದ ಋಣವೇ ಇಲ್ಲದ
ಕಪ್ಪು ಅರಗಿನ ಮೈ.
ಏಳು ತಂತಿಯ ಜಾಗ, ಉಳಿದದ್ದು ಐದು.
ಅಂಚಿನುದ್ದಕ್ಕೂ ಚಿಪ್ಪಿನ ಬೊಟ್ಟು ಹದಿಮೂರು.
‘ಹನ್ನೆರಡು ತಿಂಗಳು,’ ಅಂದಳು, ‘ಇನ್ನೊಂದು ಏನೋ...’
ಅಧಿಕ ಮಾಸ, ಅಂದೆ ನಾನು ತಟ್ಟನೆ,
ಜತ್ತದ ನಮ್ಮವ್ವ ಅಳಿಯನಿಗೆ
ಮೂವತ್ತಮೂರು ಅನಾರಸ ಎಣಿಸಿ ಕೊಡುವ ತಿಂಗಳು.

ಮೈತುಂಬ ಬಿರುಕು,
ಹಾವಿನ ಹೊಟ್ಟೆಯ ಗೆರೆಯಂತೆ ಅಡ್ಡಡ್ಡ.
ಪಾಲಿಶ್ ಡಬ್ಬಿ ತೆರೆದೆ. ಕೈ ಹಿಡಿದಳು.
ನೂರಾರು ವರ್ಷ ಬಾರಿಸಿದ ಮೇಲೆ ಮೂಡುವ ಗೆರೆಯಂತೆ ಅದು,
ಅವರ ಕಡೆ ಬಿರುಕಿಗೂ ಹೆಸರಿದೆಯಂತೆ.
ಡಬ್ಬಿ ಮುಚ್ಚಿದೆ.
ಹೊಸದಕ್ಕೆ ಹಳೆಯದರ ಬಣ್ಣ ಬಳಿದು ಮಾರಿದ ಕೈ ನನ್ನದು.

ಬೆನ್ನಿಗೆ ಎರಡು ಕಿಂಡಿ.
ಒಂದು ಡ್ರ್ಯಾಗನ್ನಿನ ಮಡು, ಒಂದು ರಾಜಹಕ್ಕಿಯ ಹೊಂಡ.
ಅರವತ್ತೆರಡರಲ್ಲಿ ಪೊಲೀಸರು ಮನೆ ಜಾಲಾಡಿದಾಗ
ಅಜ್ಜಿ ಇದನ್ನು ಬೋರಲು ಹಾಕಿ ಒದ್ದೆ ಅರಿವೆ ಹರವಿ
ಒಗೆಯೋ ಹಲಗೆ, ಅಂದಳಂತೆ.
‘ಮತ್ತ ತೂತು ಯಾಕ?’
‘ನೀರು ಬಸದು ಹೋಗಾಕ.’
ಇನಸ್ಪೆಕ್ಟರು ಬರೆದುಕೊಂಡರು: ಹಲಗೆ, ಒಂದು.

ಉಕ್ಕಿನ ತಂತಿ ಬ್ಯಾಡ, ಅಂದರು ದಾವಲಸಾಬರು,
ಬರೀ ಅಂಗೈ ಆಡಿಸಿ.
ಪಟವೇಗಾರರಿಂದ ರೇಷ್ಮೆ ತಂದು, ಎಳೆ ಹೊಸೆದು,
ಅಂಟಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ
ಹತ್ತು ದಿನ ಹಿಡಿಯಿತು ಎರಡು ತಂತಿಗೆ.

ಬಾರಿಸಲು ಅವಳಿಗೂ ಬಾರದು.
ಒಮ್ಮೆ ಮೀಟಿ, ಎಡಗೈಯ ಹೆಬ್ಬೆರಳನ್ನು
ತಂತಿಯ ಮೇಲೆ ಸರಿಸುತ್ತ ಹೋದಳು.
ದನಿ ತೀರಿತು. ಬೆರಳು ತೀರಲಿಲ್ಲ.
‘ಅಜ್ಜ ಹಿಂಗ ಮಾಡ್ತಿದ್ದ, ರಾತ್ರಿ ಬಾಗಿಲಾ ಹಾಕ್ಕೊಂಡು.
ನಾ ಧೂಳಾ ಒರಸ್ತಾನ ಅನ್ಕೊಂಡಿದ್ದೆ.’

ಬಗ್ಗಿ ಕಿವಿಗೊಟ್ಟೆ.
ಕೊಲ್ಹಾಪುರದ ಗಾಡಿಯ ಶಿಳ್ಳೆ. ಮತ್ತೇನೂ ಇಲ್ಲ.

ಒಂಬತ್ತು ವರ್ಷದ ಹಿಂದೆ ಎರಡೂ ಕಿವಿ ಹೋದ ದಾವಲಸಾಬರು
ತಂಬೂರಿಯ ಜವಾರಿ ನೋಡುವ ತಮ್ಮ ರೂಢಿಯಂತೆ
ಕೂತಲ್ಲಿಂದಲೇ ಬಾಗಿ
ಹಲಗೆಯ ಅಂಚನ್ನು ಹಲ್ಲಲ್ಲಿ ಹಿಡಿದರು.
ಹೂ ಡಾಕ್ಟರರು ಕಟ್ಟಿಕೊಟ್ಟ ಹಲ್ಲು,
ಮೇಲಿನ ಸಾಲೂ ಕೆಳಗಿನ ಸಾಲೂ.
ಪಾಲಿಶ್ ಬೇಡವೆಂದವಳು ಇದಕ್ಕೇನೂ ಅನ್ನಲಿಲ್ಲ.

ಇನ್ನೊಮ್ಮೆ, ಎಂದು ಸನ್ನೆ ಮಾಡಿದರು.
ಮೀಟಿದಳು. ಬೆರಳು ಸರಿಯಿತು.
ನನ್ನ ಪಾಲಿಗೆ ಅದು ಆಗಲೇ ಮುಗಿದು
ಬೀಡಿಗೆ ಕಡ್ಡಿ ಗೀರಲು ಹೊರಟಿದ್ದೆ.
ಅವರು ಕಣ್ಣು ತೆರೆಯಲಿಲ್ಲ. ಕೈ ಎತ್ತಿ ನನ್ನನ್ನು ತಡೆದರು.
ಕಚ್ಚಿದ ಹಲ್ಲಿನ ಸಂದಿಯಿಂದ ಮಾತು ಬಂತು:
‘ಇನ್ನಾ ಐತಿ.
ತಡಿ.’